ಹಿತ್ತಲ ಕೋಳಿ ಮತ್ತು ಹೊಣೆಯ ಲೆಕ್ಕ

ಊರಿನ ಬಡಾವಣೆಗಳಲ್ಲಿ ಸ್ವಂತ ಮನೆ, ಮನೆಯ ಹಿಂದೆ ಹತ್ತಿಪ್ಪತ್ತು ಅಡಿ ಜಾಗ ಇರುವವರಲ್ಲಿ ನಾಲ್ಕಾರು ಕೋಳಿ ಸಾಕಬೇಕೆಂಬ ಆಸೆ ಈಚೆಗೆ ಬಲವಾಗುತ್ತಿದೆ. ಆ ಆಸೆಯ ಹಿಂದಿರುವ ನಂಬಿಕೆಯನ್ನು ಮೊದಲು ಅದರ ಪೂರ್ತಿ ಬಲದೊಂದಿಗೆ ಹೇಳುವುದು ನ್ಯಾಯ. ಫಾರಂ ಮೊಟ್ಟೆ ಇಡುವ ಕೋಳಿ ಪಂಜರದಲ್ಲೇ ಬದುಕಿ ಪಂಜರದಲ್ಲೇ ಮುಗಿಯುತ್ತದೆ. ಅದಕ್ಕೆ ಏನು ತಿನ್ನಿಸುತ್ತಾರೆ, ಯಾವ ಔಷಧಿ ಕೊಡುತ್ತಾರೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಮನೆಯ ಕೋಳಿ ಮಣ್ಣು ಕೆದಕುತ್ತದೆ, ಹುಳು ಹೆಕ್ಕುತ್ತದೆ, ಬಿಸಿಲು ಕಾಯುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆ ತಿಂದು ಅದನ್ನೇ ಮೊಟ್ಟೆಯಾಗಿ ಹಿಂದಿರುಗಿಸುತ್ತದೆ. ಹಿಕ್ಕೆ ಗಿಡಗಳಿಗೆ ಗೊಬ್ಬರವಾಗುತ್ತದೆ, ಮಕ್ಕಳಿಗೆ ಒಂದು ಜೀವದ ಒಡನಾಟ ಸಿಗುತ್ತದೆ. ಆರೋಗ್ಯ, ಉಳಿತಾಯ, ದಯೆ ಮೂರೂ ಒಂದೇ ಗೂಡಿನಲ್ಲಿ ದೊರೆಯುವಾಗ ಹಿಂಜರಿಕೆ ಯಾಕೆ ಎಂಬುದು ಈ ವಾದ. ಇದರ ಪ್ರತಿ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ತೊಡಕು ಇರುವುದು ಇವೆಲ್ಲವನ್ನೂ ಕಟ್ಟಿ ಹಿಡಿದಿರುವ ಊಹೆಯಲ್ಲಿ: ಮನೆಯ ಹಿತ್ತಲು ಎಂಬ ಜಾಗವೇ ಮೊಟ್ಟೆಯನ್ನು ಶುದ್ಧವೂ ಅಗ್ಗವೂ ಹಿಂಸೆಯಿಲ್ಲದ್ದೂ ಆಗಿಸುತ್ತದೆ ಎಂಬಲ್ಲಿ. ಜಾಗ ತಾನಾಗಿ ಏನನ್ನೂ ಮಾಡುವುದಿಲ್ಲ. ಫಾರಂ ಮಾಲೀಕ ಹೊತ್ತಿದ್ದ ಕೆಲಸ, ಖರ್ಚು, ಪ್ರಾಣದ ನಿರ್ಧಾರ ಎಲ್ಲವೂ ಹಿತ್ತಲಿನಲ್ಲಿ ನಮ್ಮ ಹೆಗಲಿಗೆ ಬರುತ್ತವೆ. ಅವನ್ನು ಹೊರಲು ಒಪ್ಪಿದರೆ ಮಾತ್ರ ಈ ಮೂರರಲ್ಲಿ ಒಂದೊಂದೂ ನಿಜವಾಗುತ್ತದೆ.

ಶುದ್ಧತೆಯಿಂದಲೇ ಶುರು ಮಾಡೋಣ. ಮೊಟ್ಟೆ ಒಳ್ಳೆಯದು ಎನ್ನಲು ಜನ ನೋಡುವುದು ಎರಡು ಗುರುತು: ಕಂದು ಚಿಪ್ಪು, ಮತ್ತು ಕಡು ಹಳದಿ ಭಂಡಾರ, ಅಂದರೆ ಮೊಟ್ಟೆಯೊಳಗಿನ ಹಳದಿ ಭಾಗ. ಚಿಪ್ಪಿನ ಬಣ್ಣ ತಳಿಯಿಂದ ಬರುವಂಥದ್ದು. ಬಿಳಿ ಲೆಗ್‌ಹಾರ್ನ್ ಕೋಳಿಯನ್ನು ಮಾವಿನ ತೋಪಿನಲ್ಲಿ ಬಿಟ್ಟು ಸಾಕಿದರೂ ಅದು ಬಿಳಿ ಮೊಟ್ಟೆಯನ್ನೇ ಇಡುತ್ತದೆ. ಕಂದು ಮೊಟ್ಟೆಯಿಡುವ ವಾಣಿಜ್ಯ ತಳಿ ಪಂಜರದೊಳಗೂ ಕಂದು ಮೊಟ್ಟೆಯನ್ನೇ ಇಡುತ್ತದೆ. ಮೊಟ್ಟೆ ಹೊರಬೀಳುವ ಮುಂಚಿನ ಕೆಲವು ಗಂಟೆಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ವರ್ಣದ್ರವ್ಯ ಚಿಪ್ಪಿನ ಹೊರಮೈಗೆ ಲೇಪವಾಗುತ್ತದೆ, ಅಷ್ಟೇ. ಒಳಗಿನ ಪೌಷ್ಟಿಕತೆಗೂ ಅದಕ್ಕೂ ಸಂಬಂಧವಿಲ್ಲ. ಭಂಡಾರದ ಹಳದಿ ಮೇವಿನಿಂದ ಬರುತ್ತದೆ. ಸೊಪ್ಪು, ಹುಲ್ಲು, ಮುಸುಕಿನ ಜೋಳ ತಿಂದ ಕೋಳಿಯ ಭಂಡಾರ ಗಾಢವಾಗುವುದು ನಿಜ. ಆದರೆ ಅದೇ ಬಣ್ಣವನ್ನು ಫಾರಂ ಕೂಡ ಕೊಡಬಲ್ಲದು. ಗುಂಡ್ಲುಪೇಟೆಯ ಸುತ್ತ ಎಕರೆಗಟ್ಟಲೆ ಬೆಳೆಯುವ ಚೆಂಡುಹೂವಿನಲ್ಲಿ ದೊಡ್ಡ ಪಾಲು ಕಾರ್ಖಾನೆಗೆ ಹೋಗಿ ಬಣ್ಣದ ಸಾರವಾಗುತ್ತದೆ. ಕೋಳಿ ಆಹಾರಕ್ಕೆ ಬೆರೆಸಿ ಭಂಡಾರಕ್ಕೆ ಬಣ್ಣ ತರುವುದು ಆ ಸಾರದ ಒಂದು ಮುಖ್ಯ ಬಳಕೆ. ಎಂದಮೇಲೆ ಈ ಎರಡು ಗುರುತುಗಳಲ್ಲಿ ಯಾವುದೂ ಮೊಟ್ಟೆ ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಮೊಟ್ಟೆಯೊಂದರಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇರುತ್ತದೆ, ಎಲ್ಲಿ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ. ಬಿಸಿಲಿಗೆ ಬಿಟ್ಟ ಕೋಳಿಯ ಮೊಟ್ಟೆಯಲ್ಲಿ ಡಿ ಜೀವಸತ್ವ ಹೆಚ್ಚಿರಬಹುದು. ಮೇವು ಬದಲಾದಂತೆ ಕೊಬ್ಬಿನ ಗುಣವೂ ಬದಲಾಗಬಹುದು. ಇವು ಮೇವಿನ ಮತ್ತು ಬಿಸಿಲಿನ ಫಲ. ಕೋಳಿಗೆ ಅವನ್ನು ಒದಗಿಸಿದವರಿಗೆ ಮಾತ್ರ ಸಿಗುತ್ತವೆ.

ಮಣ್ಣಿನ ವಿಷಯ ಇದಕ್ಕಿಂತ ಗಂಭೀರ. ಕೋಳಿ ನೆಲ ಕೆದಕಿ ತಿನ್ನುವ ಪ್ರಾಣಿಯಾದ್ದರಿಂದ ನೆಲದಲ್ಲಿರುವುದು ಮೊಟ್ಟೆಗೆ ಬರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯಂಗಳದ ಕೋಳಿಗಳ ಮೊಟ್ಟೆಯಲ್ಲಿ ಅಂಗಡಿಯ ಮೊಟ್ಟೆಗಿಂತ ಸರಾಸರಿ ನಲವತ್ತು ಪಟ್ಟು ಹೆಚ್ಚು ಸೀಸ ಕಂಡುಬಂತು. ಹಳೆಯ ಬಣ್ಣ, ಹಿಂದಿನ ಪೆಟ್ರೋಲಿನ ಹೊಗೆ ಅಲ್ಲಿನ ಮಣ್ಣಿನಲ್ಲಿ ಬಿಟ್ಟುಹೋಗಿದ್ದ ಸೀಸ ಅದು. ನೆದರ್‌ಲ್ಯಾಂಡ್ಸ್‌ನ ಆರೋಗ್ಯ ಸಂಸ್ಥೆ 2025ರಲ್ಲಿ ಮನೆಯಲ್ಲಿ ಸಾಕಿದ ಕೋಳಿಯ ಮೊಟ್ಟೆ ತಿನ್ನಬೇಡಿ ಎಂದೇ ತನ್ನ ಜನರಿಗೆ ಸಲಹೆ ಕೊಟ್ಟಿತು. ಅಲ್ಲಿ ಕಾರಣ ಪಿಫಾಸ್ ಎಂಬ, ಪ್ರಕೃತಿಯಲ್ಲಿ ಒಡೆದುಹೋಗದೆ ಉಳಿಯುವ ರಾಸಾಯನಿಕ ಗುಂಪು. ಆ ದೇಶಗಳ ಅಂಕಿಗಳನ್ನು ನಮ್ಮ ಊರಿಗೆ ಹಾಗೇ ಅನ್ವಯಿಸಲು ಬಾರದು. ಆದರೆ ಕಾರಣಗಳು ನಮಗೆ ಹೊರಗಿನವಲ್ಲ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೆ ಮೊದಲು ದಶಕಗಳ ಕಾಲ ರಸ್ತೆಬದಿಯ ಮಣ್ಣಿಗೆ ಸೇರಿದ್ದು ಎಲ್ಲೂ ಹೋಗಿಲ್ಲ. ನಮ್ಮ ಹಿತ್ತಲುಗಳಲ್ಲಿ ಎಷ್ಟೋ ಕಡೆ ಕಟ್ಟಡದ ಅವಶೇಷ ತುಂಬಿ ನೆಲ ಏರಿಸಿರುತ್ತಾರೆ, ಮೂಲೆಯಲ್ಲಿ ಪ್ಲಾಸ್ಟಿಕ್ ಕಸ ಸುಟ್ಟಿರುತ್ತಾರೆ. ಅಂಥ ನೆಲದಲ್ಲಿ ಕೋಳಿ ಬಿಟ್ಟು ಶುದ್ಧ ಮೊಟ್ಟೆ ಬಂತು ಎಂದುಕೊಳ್ಳುವುದು ಕಣ್ಣು ಮುಚ್ಚಿಕೊಂಡಂತೆ. ಹೊರಗಿನಿಂದ ಒಳ್ಳೆಯ ಮಣ್ಣು ತಂದು ಹಾಕುವುದು, ಕೋಳಿ ಓಡಾಡುವ ಜಾಗಕ್ಕೆ ಭತ್ತದ ಹೊಟ್ಟು ಹರವುವುದು, ಮೇವನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿಡುವುದು, ಇವು ಅಪಾಯವನ್ನು ಕಡಿಮೆ ಮಾಡುವ ದಾರಿಗಳು. ಮತ್ತೆ ಅದೇ ಮಾತು: ಶುದ್ಧತೆ ಬರುವುದು ಈ ಕೆಲಸಗಳಿಂದ.

ಎರಡನೆಯದು ಉಳಿತಾಯ. ಅಡುಗೆಮನೆಯ ಉಳಿಕೆಯಿಂದ ಕೋಳಿ ಸಾಕಬಹುದು ಎಂಬ ಮಾತನ್ನು ತೂಕದ ಲೆಕ್ಕಕ್ಕಿಟ್ಟರೆ ಅದು ನಿಲ್ಲುವುದಿಲ್ಲ. ಮೊಟ್ಟೆಯಿಡುವ ಹ್ಯಾಟೆಗೆ ದಿನಕ್ಕೆ ಸುಮಾರು 110 ಗ್ರಾಂ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಸಿದ್ಧ ಮೇವು) ಬೇಕು. ಅದರಲ್ಲಿ ಪ್ರೋಟೀನ್ ಶೇಕಡ 16 ಎಂದಿಟ್ಟುಕೊಂಡರೆ ದಿನಕ್ಕೆ 17 ಗ್ರಾಂಗೂ ಮೇಲಾಯಿತು. ಬೇಯಿಸಿದ ಅನ್ನದ ನೂರು ಗ್ರಾಂನಲ್ಲಿ ಸುಮಾರು ಎರಡೂವರೆ ಗ್ರಾಂ ಪ್ರೋಟೀನ್ ಇರುತ್ತದೆ. ಅನ್ನದಿಂದಲೇ ಅಷ್ಟು ಪ್ರೋಟೀನ್ ಸಿಗಬೇಕಾದರೆ ಎರಡು ಕಿಲೋ ತೂಗುವ ಕೋಳಿ ದಿನಕ್ಕೆ ಮುಕ್ಕಾಲು ಕಿಲೋದಷ್ಟು ಅನ್ನ ತಿನ್ನಬೇಕು. ಅದು ಆಗದ ಮಾತು. ಸುಣ್ಣದ ಅಂಶದ ಲೆಕ್ಕ ಇನ್ನೂ ಕಠಿಣ: ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಅನ್ನದಲ್ಲೂ ತರಕಾರಿ ಸಿಪ್ಪೆಯಲ್ಲೂ ಅದು ತೀರ ಕಡಿಮೆ. ಮೇವಿನಲ್ಲಿ ಸಿಗದಿದ್ದಾಗ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಚಿಪ್ಪು ಕಟ್ಟುತ್ತದೆ. ಕೆಲವು ವಾರಗಳಲ್ಲಿ ಗೂಡಿನಲ್ಲಿ ಚಿಪ್ಪಿಲ್ಲದ, ಬೆರಳಿಟ್ಟರೆ ತಗ್ಗುವ ಮೆತ್ತನೆಯ ಮೊಟ್ಟೆ ಕಾಣಿಸಿಕೊಳ್ಳುತ್ತದೆ. ಕೋಳಿ ಕಾಲೂರಲು ಕಷ್ಟಪಡುತ್ತದೆ. ಫೀಡನ್ನೇ ಮುಖ್ಯ ಆಹಾರ ಮಾಡಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟು, ಸೊಪ್ಪು ಸಿಪ್ಪೆಯನ್ನು ಮೇಲೋಗರದಷ್ಟೇ ಕೊಡುವುದು ಸರಿಯಾದ ಕ್ರಮ.

ಹಾಗೆ ಸಾಕಿದಾಗ ಮೊಟ್ಟೆಯ ಬೆಲೆ ಎಷ್ಟಾಯಿತು? ದಿನಕ್ಕೆ 110 ಗ್ರಾಂ ಎಂದರೆ ವರ್ಷಕ್ಕೆ 40 ಕಿಲೋ. ಫೀಡಿಗೆ ಕಿಲೋಗೆ 40 ರೂಪಾಯಿ ಎಂದು ಹಿಡಿದರೆ 1,600 ರೂಪಾಯಿ. ಹಿತ್ತಲಿಗೆಂದು ಜನ ಕೊಳ್ಳುವ ಗಿರಿರಾಜದಂಥ ತಳಿ ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ ಸುಮಾರು 150 ಮೊಟ್ಟೆ ಕೊಡುತ್ತದೆ. ಮೊಟ್ಟೆಯೊಂದಕ್ಕೆ ಮೇವಿನ ಖರ್ಚೇ ಹತ್ತು ರೂಪಾಯಿ ದಾಟಿತು. ಮರಿ ಮೊಟ್ಟೆಗೆ ಬರುವ ತನಕದ ಸುಮಾರು ಐದು ತಿಂಗಳ ಮೇವು, ಗೂಡು, ಜಾಲರಿ, ಲಸಿಕೆ, ಸತ್ತ ಮರಿಗಳ ಬೆಲೆ ಇದರ ಮೇಲೆ. ಅಷ್ಟೇ ಮೇವು ತಿಂದು ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆಯಿಡುವ ಫಾರಂ ತಳಿಯ ಮುಂದೆ ಈ ಲೆಕ್ಕ ಎಂದೂ ಗೆಲ್ಲುವುದಿಲ್ಲ. ನಾಟಿ ಮೊಟ್ಟೆಯ ಅಂಗಡಿ ಬೆಲೆಯೊಡನೆ ಹೋಲಿಸಿದರೆ ಸರಿಹೋಗಬಹುದು ಎಂದು ವಾದಿಸುವವರಿದ್ದಾರೆ, ಆ ವಾದ ಸುಳ್ಳಲ್ಲ. ಆದರೆ ಅದು ಸಮನಾಗುವ ಮಾತು, ಉಳಿಯುವ ಮಾತಲ್ಲ. ನಮ್ಮ ದಿನದ ದುಡಿಮೆಗೆ ಅದರಲ್ಲಿ ಬೆಲೆ ಕಟ್ಟಿಲ್ಲ. ಹಣ ಉಳಿಸಲೆಂದು ಕೋಳಿ ಸಾಕಲು ಹೊರಟವರು ಮೊದಲು ಕಡಿತ ಮಾಡುವುದು ಮೇವಿನಲ್ಲಿ, ಆಮೇಲೆ ಲಸಿಕೆಯಲ್ಲಿ. ತಪ್ಪು ಕಾರಣದಿಂದ ಶುರುವಾದ ಸಾಕಣೆ ಕೋಳಿಯ ಮೈಮೇಲೆ ಬಂದು ಮುಟ್ಟುವುದು ಹೀಗೆ.

ಮೂರನೆಯದು ದಯೆ. ಇದು ಎಲ್ಲಕ್ಕಿಂತ ಗೌರವಯುತವಾದ ಕಾರಣ, ಆದ್ದರಿಂದಲೇ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು. ಮರಿ ಕೊಳ್ಳುವಲ್ಲಿಂದಲೇ ಪ್ರಶ್ನೆ ಏಳುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆದ ಗಿರಿರಾಜ, ಸ್ವರ್ಣಧಾರ; ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ; ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ, ಇವೇ ಹಿತ್ತಲಿಗೆ ಒಗ್ಗುವ ತಳಿಗಳು. ಮಾಂಸಕ್ಕೂ ಮೊಟ್ಟೆಗೂ ಆಗುವ ಇಂಥ ತಳಿಗಳ ಒಂದು ದಿನದ ಮರಿಗಳನ್ನು ಸಾಮಾನ್ಯವಾಗಿ ಹೆಣ್ಣು ಗಂಡು ಬೇರ್ಪಡಿಸದೆ ಮಾರುತ್ತಾರೆ. ಹತ್ತು ಮರಿ ತಂದರೆ ಹೆಚ್ಚುಕಡಿಮೆ ಐದು ಹುಂಜ. ಬಡಾವಣೆಯಲ್ಲಿ ಐದು ಹುಂಜ ಇಟ್ಟುಕೊಳ್ಳಲಾಗದು. ಬೆಳೆದಂತೆ ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ, ಹ್ಯಾಟೆಗಳ ಬೆನ್ನಿನ ಗರಿ ಕಿತ್ತುಹೋಗುತ್ತದೆ, ಬೆಳಗಿನ ಜಾವಕ್ಕೆ ಮುಂಚೆಯೇ ಇಡೀ ಬೀದಿ ಎದ್ದಿರುತ್ತದೆ. ಮಾಂಸ ತಿನ್ನುವ ಮನೆಗೆ ಇದಕ್ಕೊಂದು ಉತ್ತರವಿದೆ, ಅದು ಪ್ರಾಮಾಣಿಕವೂ ಹೌದು. ಆದರೆ ಕೊಲ್ಲುವುದಿಲ್ಲ, ಮೊಟ್ಟೆ ಮಾತ್ರ ಸಾಕು ಎಂದು ನಿರ್ಧರಿಸಿದವರು ಆ ಐದನ್ನು ಏನು ಮಾಡುತ್ತಾರೆ? ಯಾರಿಗಾದರೂ ಕೊಟ್ಟುಬಿಡುತ್ತಾರೆ, ತೆಗೆದುಕೊಂಡವರು ಕೊಯ್ಯುತ್ತಾರೆ. ಎರಡು ಎರಡೂವರೆ ತಿಂಗಳು ಬೆಳೆದ, ಜುಟ್ಟು ನೋಡಿ ಹೆಣ್ಣೆಂದು ಹೇಳಬಹುದಾದ ಹ್ಯಾಟೆಗಳನ್ನೇ ಕೊಳ್ಳುವುದು ಇನ್ನೊಂದು ದಾರಿ. ಅದು ಸಾಕುವವರಿಗೆ ಅನುಕೂಲ, ಮರಿ ಸಾಯುವುದೂ ಕಡಿಮೆ. ಆದರೆ ಗಂಡುಮರಿಯ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ, ಮಾರುವವರ ಅಂಗಳಕ್ಕೆ ವರ್ಗವಾಗುತ್ತದೆ. ಮೊಟ್ಟೆಗೆಂದೇ ಬೆಳೆಸುವ ತಳಿಗಳ ಹ್ಯಾಚರಿಗಳಲ್ಲಿ ಗಂಡುಮರಿಗಳಲ್ಲಿ ಹೆಚ್ಚಿನವನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಉಳಿದವು ಗುಲಾಬಿ, ಹಸಿರು ಬಣ್ಣ ಹಚ್ಚಿಸಿಕೊಂಡು ಜಾತ್ರೆ ಸಂತೆಗಳಲ್ಲಿ ಮಕ್ಕಳ ಕೈಗೆ ಮಾರಾಟವಾಗುತ್ತವೆ. ಜರ್ಮನಿ 2022ರ ಜನವರಿಯಿಂದ ಈ ಕೊಲ್ಲುವಿಕೆಯನ್ನು ನಿಷೇಧಿಸಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲದಿರುವ ತನಕ, ಹ್ಯಾಟೆಗಳನ್ನಷ್ಟೇ ಆರಿಸಿ ತಂದ ಹಿತ್ತಲು ಹಿಂಸೆಯಿಂದ ಹೊರಗಿದೆ ಎಂದು ಹೇಳಲಾಗದು.

ಮರಿ ತಂದ ಮೇಲಿನ ಮೊದಲ ನಾಲ್ಕು ವಾರ ದಯೆಯ ನಿಜವಾದ ಪರೀಕ್ಷೆ. ಮೊಟ್ಟೆಯಿಂದ ಬರುವ ಮುನ್ನ ಮರಿ ಉಳಿದ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಬಲದಿಂದ ಎರಡು ದಿನ ಏನೂ ತಿನ್ನದೆ ಬದುಕಬಲ್ಲದು. ಹ್ಯಾಚರಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ದೂರದೂರಿಗೆ ಮರಿ ಕಳಿಸಲು ಸಾಧ್ಯವಾಗಿರುವುದೇ ಇದರಿಂದ. ಆದರೆ ತಾಯಿಯಿಲ್ಲದ ಮರಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೊದಲ ವಾರ ಬಲ್ಬಿನಿಂದ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಬರಬೇಕು. ಥರ್ಮಾಮೀಟರಿಗಿಂತ ಮರಿಗಳೇ ಇದನ್ನು ಚೆನ್ನಾಗಿ ಹೇಳುತ್ತವೆ: ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗಟ್ಟಿ ಜೋರಾಗಿ ಚಿಲಿಗುಟ್ಟಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲ ಕಡೆ ಹರಡಿ ಮೇಯುತ್ತ ಮಲಗುತ್ತ ಇದ್ದರೆ ಸರಿ. ರಾತ್ರಿ ಎರಡು ಗಂಟೆಗೆ ಕರೆಂಟು ಹೋದಾಗ ಎದ್ದು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡುವವರು ಯಾರು ಎಂಬುದು ಮರಿ ತರುವ ಮುಂಚೆಯೇ ತೀರ್ಮಾನವಾಗಬೇಕು. ಬೆಕ್ಕು, ಹೆಗ್ಗಣ, ಮುಂಗುಸಿ ಊರಿನಲ್ಲೂ ಇವೆ. ಕೋಳಿ ಹೊರಗೆ ಹೋಗದಂತೆ ತಡೆಯುವ ಜಾಲರಿ ಹೆಗ್ಗಣ ಒಳಗೆ ಬಾರದಂತೆ ತಡೆಯುವುದಿಲ್ಲ, ಅದಕ್ಕೆ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಬೇಕು.

ರೋಗದ ವಿಚಾರದಲ್ಲಿ ಸಣ್ಣ ಗುಂಪಿಗೆ ರಿಯಾಯಿತಿ ಇದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್‌ಗೆ ಚಿಕಿತ್ಸೆ ಇಲ್ಲ, ಲಸಿಕೆಯೊಂದೇ ರಕ್ಷಣೆ. ಹ್ಯಾಚರಿಯಲ್ಲಿ ಮೊದಲ ದಿನ ಮರೆಕ್ಸ್ ರೋಗದ ಲಸಿಕೆ ಆಗಿದೆಯೇ ಎಂದು ಕೇಳಬೇಕು. ವಾರದೊಳಗೆ ರಾಣಿಖೇತ್ ಲಸಿಕೆಯ ಹನಿ ಕಣ್ಣಿಗೆ ಅಥವಾ ಮೂಗಿಗೆ, ಎರಡನೇ ವಾರದ ಹೊತ್ತಿಗೆ ಗುಂಬೊರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ರಾಣಿಖೇತ್, ಎರಡು ತಿಂಗಳಿಗೆ ಅದಕ್ಕೇ ಚುಚ್ಚುಮದ್ದು. ಲಸಿಕೆ ಸೀಸೆ ಸಿಗುವುದು ನೂರು ಅಥವಾ ಅದಕ್ಕೂ ಹೆಚ್ಚು ಡೋಸಿನದು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿಡಬೇಕು. ಆರು ಕೋಳಿಗೆ ಯಾರು ತರುತ್ತಾರೆ ಎಂದು ಬಿಟ್ಟುಬಿಡುವುದು ಇಲ್ಲಿಯೇ. ಸಾಕುವ ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು ಒಂದು ಸೀಸೆ ಹಂಚಿಕೊಳ್ಳಬಹುದು, ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಔಷಧಿಯ ಬಗ್ಗೆ ಭಯಪಟ್ಟು ಫಾರಂ ಮೊಟ್ಟೆ ಬಿಟ್ಟು ಬಂದವರೇ, ಕೋಳಿ ತೂಕಡಿಸಿದೊಡನೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನೀರಿಗೆ ಬೆರೆಸುವುದುಂಟು. ಆ ಮದ್ದಿನ ಅಂಶ ಮೊಟ್ಟೆಯಲ್ಲಿ ಉಳಿಯುವ ದಿನಗಳಲ್ಲಿ ಮೊಟ್ಟೆ ತಿನ್ನಬಾರದೆಂಬ ನಿಯಮ ಫಾರಂಗೆ ಇರುವಷ್ಟೇ ಹಿತ್ತಲಿಗೂ ಇದೆ. ಹಕ್ಕಿಜ್ವರ ಬಂದರೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುವ ಕ್ರಮದಿಂದ ಮನೆಯ ಕೋಳಿಗೂ ವಿನಾಯಿತಿ ಇಲ್ಲ. 2020ರ ಮಾರ್ಚ್‌ನಲ್ಲಿ ರೋಗ ಕಾಣಿಸಿಕೊಂಡದ್ದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, ಜನವಸತಿಯ ನಡುವೆ. ಮಕ್ಕಳ ವಿಷಯದಲ್ಲೂ ಒಂದು ಎಚ್ಚರ ಬೇಕು. ಅಮೆರಿಕದಲ್ಲಿ 2020ರಲ್ಲಿ ಮನೆಕೋಳಿಗಳ ಸಂಪರ್ಕದಿಂದ ಸಾಲ್ಮೊನೆಲ್ಲಾ ಸೋಂಕು ತಗುಲಿದವರ ಸಂಖ್ಯೆ ಸಾವಿರ ದಾಟಿತ್ತು. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಮುಖದ ಹತ್ತಿರ ಒಯ್ಯದಿರುವುದು ಒಡನಾಟದ ಭಾಗವೇ ಆಗಬೇಕು.

ಇಲ್ಲಿಗೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ನಮ್ಮ ಅಜ್ಜಿಯರು ಫೀಡು, ಲಸಿಕೆ, ಬಲ್ಬು ಯಾವುದೂ ಇಲ್ಲದೆ ಸಾಕಲಿಲ್ಲವೇ? ಸಾಕಿದರು, ಆದರೆ ಬೇರೆಯದೇ ಏರ್ಪಾಡಿನೊಳಗೆ. ಅಲ್ಲಿ ತಿಪ್ಪೆಯಿತ್ತು, ದನದ ಕೊಟ್ಟಿಗೆಯಿತ್ತು, ಕಣದಲ್ಲಿ ಉದುರಿದ ಕಾಳಿತ್ತು. ಪ್ರೋಟೀನನ್ನು ಹುಳುಗಳು ಒದಗಿಸುತ್ತಿದ್ದವು. ನಾಟಿ ಹ್ಯಾಟೆ ವರ್ಷಕ್ಕೆ ಇಡುತ್ತಿದ್ದುದು ಐವತ್ತರವತ್ತು ಮೊಟ್ಟೆ, ಆದ್ದರಿಂದ ಅದಕ್ಕೆ ಬೇಕಾದ ಪೋಷಣೆಯೂ ಕಡಿಮೆ. ಹತ್ತು ಹದಿನೈದು ಇಟ್ಟ ಮೇಲೆ ಕಾವು ಕೂತು, 21 ದಿನಕ್ಕೆ ಮರಿ ತೆಗೆದು, ರೆಕ್ಕೆಯಡಿಯಲ್ಲೇ ಬೆಚ್ಚಗಿಟ್ಟು ಮಂಕರಿ ತುಂಬಿಸುತ್ತಿತ್ತು. ರೋಗ ಬಂದು ಹಟ್ಟಿಯ ಕೋಳಿಯೆಲ್ಲ ಸತ್ತರೂ ಒಂದು ಹ್ಯಾಟೆ ಉಳಿದರೆ ಸಂತಾನ ಮುಂದುವರಿಯುತ್ತಿತ್ತು. ಹೆಚ್ಚು ಮೊಟ್ಟೆಗೆಂದು ಆರಿಸಿ ಬೆಳೆಸಿದ ಇಂದಿನ ತಳಿಗಳಲ್ಲಿ ಕಾವು ಕೂರುವ ಗುಣವೇ ಬಹುಮಟ್ಟಿಗೆ ಹೋಗಿದೆ. ಪ್ರತಿ ಸಲವೂ ಮರಿಗೆ ಹ್ಯಾಚರಿಯನ್ನೇ ನಂಬಬೇಕು. ಅಜ್ಜಿಯ ಕೋಳಿಯ ಖರ್ಚಿನಲ್ಲಿ ಹ್ಯಾಚರಿ ಕೋಳಿಯ ಮೊಟ್ಟೆ ಕೇಳುವುದು ಎರಡು ಬೇರೆ ಲೆಕ್ಕಗಳನ್ನು ಕೂಡಿಸಿದಂತೆ. ಎರಡನೇ ಆಕ್ಷೇಪ ಇದರ ವಿರುದ್ಧ ದಿಕ್ಕಿನದು: ಇಷ್ಟೆಲ್ಲ ಕಷ್ಟವಿದ್ದರೆ ಕೋಳಿ ಸಾಕಣೆಯನ್ನು ಫಾರಂಗೇ ಬಿಡುವುದು ಮೇಲಲ್ಲವೇ? ಮೇಲಲ್ಲ. ರೂಢಿಯ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಸುಮಾರು 450 ಚದರ ಸೆಂಟಿಮೀಟರ್. ಒಂದು ಎ4 ಹಾಳೆ 620 ದಾಟುತ್ತದೆ. ಅಷ್ಟರಲ್ಲಿ ಕೋಳಿಗೆ ರೆಕ್ಕೆ ಬಿಚ್ಚಲಾಗದು, ದೂಳಿನಲ್ಲಿ ಹೊರಳಲಾಗದು, ಮೊಟ್ಟೆಯಿಡಲು ಮರೆ ಹುಡುಕಲಾಗದು, ರಾತ್ರಿ ಕೊಂಬೆ ಹಿಡಿದು ಕೂರಲಾಗದು. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಹಿತ್ತಲ ಸಾಕಣೆಗೆ ಇರುವ ಒಂದೇ ಗಟ್ಟಿ ಸಮರ್ಥನೆ ಎಂದರೆ ಅಲ್ಲಿ ಕೋಳಿಯನ್ನು ಕೇಳಲು ಸಾಧ್ಯ ಎಂಬುದು: ಅದಕ್ಕೆ ಏನು ಬೇಕು ಎಂಬುದನ್ನು ಗಮನಿಸಿ ಕೊಡುವಷ್ಟು ಹತ್ತಿರ ನಾವಿರುತ್ತೇವೆ. ಹತ್ತು ಸಾವಿರ ಕೋಳಿಯ ಶೆಡ್ಡಿನಲ್ಲಿ ಅದು ಆಗದು. ಈ ಸಾಧ್ಯತೆಯನ್ನು ಬಳಸದೆ, ಟೆರೇಸಿನ ಮೂಲೆಯಲ್ಲಿ ಕಬ್ಬಿಣದ ಪಂಜರವಿಟ್ಟು ಆರು ಕೋಳಿ ತುಂಬಿದರೆ ಫಾರಮ್ಮಿನ ಕೆಟ್ಟದ್ದಷ್ಟೇ ಮನೆಗೆ ಬಂತು, ಅಲ್ಲಿನ ಅಚ್ಚುಕಟ್ಟು ಬರಲಿಲ್ಲ.

ಆದ್ದರಿಂದ ಮರಿ ಬುಕ್ ಮಾಡುವ ಮುನ್ನ ಉತ್ತರ ಇಟ್ಟುಕೊಂಡಿರಬೇಕಾದ ಪ್ರಶ್ನೆಗಳು ಐದು.

1. ಹುಂಜಗಳು ಎಲ್ಲಿಗೆ ಹೋಗುತ್ತವೆ? ಕೊಯ್ಯುವುದಾದರೆ ಯಾರು, ಹೇಗೆ; ಕೊಯ್ಯುವುದಿಲ್ಲವಾದರೆ ಇಟ್ಟುಕೊಳ್ಳುವ ಜಾಗ ಯಾವುದು?

2. ಮೊಟ್ಟೆ ನಿಂತ ಮೇಲೆ ಹ್ಯಾಟೆಯ ಗತಿಯೇನು? ಹೆಚ್ಚಿನ ಮೊಟ್ಟೆ ಬರುವುದು ಮೊದಲ ಎರಡು ವರ್ಷ. ಕೋಳಿಯ ಆಯುಸ್ಸು ಆರೆಂಟು ವರ್ಷ.

3. ನೆಲ ಎಂಥದ್ದು? ಅಲ್ಲಿ ಹಿಂದೆ ಏನು ಸುಟ್ಟಿದ್ದಾರೆ, ಏನು ಹೂತಿದ್ದಾರೆ?

4. ಊರಿಗೆ ಹೋದಾಗ, ಕಾಯಿಲೆ ಬಿದ್ದಾಗ, ದಿನಕ್ಕೆರಡು ಸಲ ನೀರು, ಮೇವು, ಬಾಗಿಲು ನೋಡುವವರು ಯಾರು?

5. ನಗರಸಭೆಯ ನಿಯಮ ಏನು ಹೇಳುತ್ತದೆ, ಪಕ್ಕದ ಮನೆಯವರು ಒಪ್ಪಿದ್ದಾರೆಯೇ? ವಾಸನೆ, ನೊಣ, ಕೂಗು ಗೋಡೆಯಾಚೆಗೂ ಹೋಗುವುದರಿಂದ ಇದು ಸೌಜನ್ಯದ ಮಾತಷ್ಟೇ ಅಲ್ಲ, ಅವರ ಹಕ್ಕಿನ ಮಾತು.

ಇವುಗಳಲ್ಲಿ ಎರಡನೆಯದೇ ನಿರ್ಣಾಯಕ. ಮೊದಲ ನಾಲ್ಕು ತಿಂಗಳ ಸಂಭ್ರಮದಲ್ಲಿ ಯಾರು ಬೇಕಾದರೂ ಕೋಳಿ ಸಾಕುತ್ತಾರೆ. ಏನನ್ನೂ ಕೊಡದ ಮುದಿ ಹ್ಯಾಟೆಗೆ ನಾಲ್ಕು ವರ್ಷ ಮೇವು ಹಾಕಲು, ಇಲ್ಲವೇ ಕೊಲ್ಲುವ ನಿರ್ಧಾರವನ್ನು ತಾವೇ ತೆಗೆದುಕೊಂಡು ನೋವಾಗದಂತೆ ಮಾಡಲು ಮುಂಚೆಯೇ ಮನಸ್ಸು ಗಟ್ಟಿಮಾಡಿಕೊಂಡವರು ಮಾತ್ರ ಆ ಜೀವದ ಪೂರ್ತಿ ಲೆಕ್ಕ ಒಪ್ಪಿಕೊಂಡಂತೆ. ಅಂಥವರು ನಾಲ್ಕೇ ಕೋಳಿ ಸಾಕಲಿ, ಅವರು ತಿನ್ನುವ ಮೊಟ್ಟೆಯ ಬಗ್ಗೆ ಅವರಿಗೆ ತಿಳಿಯದ್ದು ಏನೂ ಇರುವುದಿಲ್ಲ, ಮತ್ತೊಬ್ಬರಿಗೆ ದಾಟಿಸಿದ ಹಿಂಸೆಯೂ ಆದಷ್ಟು ಕಡಿಮೆ ಇರುತ್ತದೆ. ಈ ಪ್ರಶ್ನೆಗಳಿಗೆ ಉತ್ತರವಿಲ್ಲದವರು ಮರಿ ತರದಿರುವುದು ಸೋಲಲ್ಲ. ಕೋಳಿಯ ಮೇಲಿನ ಅವರ ಕರುಣೆಗೆ ಸ್ವಂತ ಹಿತ್ತಲೇ ಬೇಕೆಂದಿಲ್ಲ. ಮೊಟ್ಟೆ ಕೋಳಿ ಮತ್ತು ಬ್ರಾಯ್ಲರ್‌ಗಳ ಸಾಕಣೆಯ ಸ್ಥಿತಿ ಸುಧಾರಿಸಬೇಕೆಂದು ಭಾರತದ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯನ್ನು ಸರ್ಕಾರಕ್ಕೆ ಕೊಟ್ಟಿದೆ. ಅದರ ಶಿಫಾರಸುಗಳು ಪೂರ್ತಿಯಾಗಿ ಜಾರಿಗೆ ಬರಲಿ ಎಂದು ಕೇಳುವುದು, ಪಂಜರವಿಲ್ಲದೆ ಸಾಕುವ ರೈತರಿಂದ ಎರಡು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವುದು, ಬಣ್ಣ ಹಚ್ಚಿದ ಮರಿಗಳನ್ನು ಮಕ್ಕಳಿಗೆ ಕೊಡಿಸದಿರುವುದು, ಇವು ಸಿದ್ಧತೆಯಿಲ್ಲದೆ ತಂದ ಹತ್ತು ಮರಿಗಳಿಗಿಂತ ಹೆಚ್ಚು ಕೋಳಿಗಳಿಗೆ ಒಳಿತು ಮಾಡುತ್ತವೆ.